ಕ್ಯಾಟಲಾಗಿಗೊಬ್ಬ ಓದುಗ

ಆಫೀಸಿನಲ್ಲಿ ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕೈಪಿಡಿಯಮ್ಮ. ಆ ಎರಡನೆಯ ಹೆಸರು ಅವಳಿಗೂ ಗೊತ್ತಿತ್ತು. ಬೇಸರವೇನೂ ಆಗಿರಲಿಲ್ಲ. ಎದುರು ನಿಂತು ಮಾತಾಡಲು ಯಾರಿಗೂ ಪುರುಸೊತ್ತಿಲ್ಲದ ಕಡೆ ಬೆನ್ನ ಹಿಂದಾದರೂ ತನ್ನ ಸುದ್ದಿ ಬರುತ್ತದಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು.

ಆ ಕಂಪನಿ ಮಾಡಿ ಮಾರುತ್ತಿದ್ದದ್ದು ಒಂದು ಡೇಟಾಬೇಸ್. ಆಸ್ಪತ್ರೆಯವರು ರೋಗಿಗಳ ವಿವರ, ಗೋದಾಮಿನವರು ಸರಕಿನ ವಿವರ ತುಂಬಿಟ್ಟುಕೊಳ್ಳುವ ತಂತ್ರಾಂಶ. ವಿವರವೆಲ್ಲ ಟೇಬಲ್ಲುಗಳಲ್ಲಿ, ಸಾಲು ಸಾಲಾಗಿ ಕಾಲಮ್ಮುಗಳಲ್ಲಿ ಕೂತಿರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು, ಅದೇ ಡೇಟಾಬೇಸಿನ ಹೊಟ್ಟೆಯೊಳಗೆ ಇನ್ನೂ ಒಂದಿಷ್ಟು ಟೇಬಲ್ಲುಗಳಿವೆ ಎಂಬುದು. ಅಡುಗೆಮನೆಯ ಡಬ್ಬಿಗಳ ಮೇಲೆ ನಾವು ಚೀಟಿ ಅಂಟಿಸುತ್ತೇವಲ್ಲ, ಹಾಗೆ ಡೇಟಾಬೇಸ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಟೇಬಲ್ಲುಗಳು. ತನ್ನೊಳಗೆ ಯಾವ ಯಾವ ಟೇಬಲ್ ಇದೆ, ಯಾವುದಕ್ಕೆ ಎಷ್ಟು ಕಾಲಮ್ಮು, ಯಾವ ಕಾಲಮ್ಮಿನಲ್ಲಿ ಅಂಕಿ, ಯಾವುದರಲ್ಲಿ ಅಕ್ಷರ, ಯಾರಿಗೆ ಏನು ನೋಡುವ ಹಕ್ಕು, ಎಲ್ಲ ಅಲ್ಲಿರುತ್ತದೆ. ಇವಕ್ಕೆ ಒಟ್ಟಾಗಿ ಸಿಸ್ಟಮ್ ಕ್ಯಾಟಲಾಗ್ ಎಂದು ಹೆಸರು. ಕೈಪಿಡಿಯ ಕಟ್ಟಕಡೆಯ ಅಧ್ಯಾಯ ಇದರದ್ದು, ಅದನ್ನು ಬರೆಯುವವಳು ಕೈಪಿಡಿಯಮ್ಮ.

ಮಾಮೂಲಿ ಬಳಕೆದಾರರು ಈ ಟೇಬಲ್ಲುಗಳ ತಂಟೆಗೆ ಹೋಗಬಾರದು ಎಂದು ಅಧ್ಯಾಯದ ಮೊದಲ ಸಾಲಿನಲ್ಲೇ ಎಚ್ಚರಿಕೆ ಇತ್ತು. ಅದನ್ನು ಬರೆದವಳೂ ಅವಳೇ. ಬಾಗಿಲಿಗೆ 'ಒಳಗೆ ಬರಬೇಡಿ' ಎಂದು ಬೋರ್ಡು ತಗುಲಿಸಿ, ಒಳಗೆ ಕೂತು ಯಾರೂ ಬರಲಿಲ್ಲವಲ್ಲ ಎಂದು ಕೊರಗುವವರಿಗೆ ಏನು ಹೇಳುವುದು? ಆದರೆ ಅವಳು ಕೊರಗುತ್ತಿದ್ದದ್ದು ನಿಜ.

ಮೊದಲು ಕೈಪಿಡಿ ಬರೆಯುವ ದಾಖಲೆ ವಿಭಾಗದಲ್ಲಿ ಬೇರೆ ಜನರೂ ಇದ್ದರು. ಒಬ್ಬರು ನಿವೃತ್ತರಾದರು, ಒಬ್ಬಳು ಮದುವೆಯಾಗಿ ದೂರ ಹೋದಳು, ಉಳಿದವರನ್ನು ಮಾರಾಟದ ವಿಭಾಗಕ್ಕೆ ಹಾಕಿದರು. ಅವರ ಮೇಜುಗಳು ಮಾತ್ರ ಹಾಗೇ ಉಳಿದು, ಕೆಟ್ಟ ಮಾನಿಟರುಗಳನ್ನೂ ಯಾರಿಗೂ ಬೇಡವಾದ ಕೀಬೋರ್ಡುಗಳನ್ನೂ ಇಡುವ ಜಾಗವಾದವು. ಕೈಪಿಡಿಯಮ್ಮನದು ಮೂಲೆ, ಪ್ರಿಂಟರಿನ ಪಕ್ಕ. ಪ್ರಿಂಟು ತೆಗೆದುಕೊಳ್ಳಲು ಬಂದವರು ಕಾಗದ ಹೊರಬರುವ ತನಕ ಅವಳನ್ನು ನೋಡಿ ನಗುತ್ತಿದ್ದರು, ಕಾಗದ ಬಂದ ಕೂಡಲೇ ನಗು ಮುಗಿಯುತ್ತಿತ್ತು.

ಕೆಲಸದಲ್ಲಿ ಮಾತ್ರ ಅವಳದು ಬಿಗಿ ಕೈ. ಇಂಜಿನಿಯರುಗಳು ಹೇಳಿದ್ದನ್ನು ಹಾಗೇ ಬರೆದುಕೊಳ್ಳುವವಳಲ್ಲ. ಹೊಸದೊಂದು ಡೇಟಾಬೇಸ್ ತೆರೆದು, ಅದರಲ್ಲಿ ಸುಮ್ಮನೆ ಒಂದು ಟೇಬಲ್ ಮಾಡಿ, ಕ್ಯಾಟಲಾಗಿನಲ್ಲಿ ಅದಕ್ಕೆ ಯಾವ ಸಾಲು ಹುಟ್ಟಿತು ಎಂದು ನೋಡುವಳು. ಒಂದು ಕಾಲಮ್ಮು ಅಳಿಸಿ ಮತ್ತೆ ನೋಡುವಳು. ಅಳಿಸಿದ ಕಾಲಮ್ಮಿನ ಸಾಲು ಕ್ಯಾಟಲಾಗಿನಿಂದ ಹೋಗುವುದೇ ಇಲ್ಲ, ಹೆಸರಿನ ಜಾಗದಲ್ಲಿ ಬರೀ ಚುಕ್ಕೆಗಳಾಗಿ ಅದು ಅಲ್ಲೇ ಕೂತಿರುತ್ತದೆ ಎಂಬುದನ್ನು ಮೊದಲ ಸಲ ಕಂಡ ದಿನ ಅವಳು ಖುಷಿಗೆ ಪಕ್ಕದ ಮೇಜಿನ ಕಡೆ ತಿರುಗಿ "ಇಲ್ನೋಡಿ" ಎಂದಳು. ಪಕ್ಕದ ಮೇಜಿನಲ್ಲಿ ಮಾನಿಟರುಗಳಿದ್ದವು.

ವರ್ಷಕ್ಕೆರಡು ಸಲ ಹೊಸ ಆವೃತ್ತಿ ಹೊರಡುತ್ತಿತ್ತು. ಪ್ರತಿ ಸಲವೂ ಅವಳ ಪುಟಗಳನ್ನು ಇಬ್ಬರು ಇಂಜಿನಿಯರುಗಳು ಓದಿ ಒಪ್ಪಿಗೆ ಕೊಡಬೇಕೆಂಬುದು ನಿಯಮ. ಅವಳು ಕಳಿಸಿದ ಉಸಿರಿನಲ್ಲೇ ಒಪ್ಪಿಗೆ ಬರುತ್ತಿತ್ತು, ಪುಟ ತೆರೆಯುವುದಕ್ಕಾದರೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೈಪಿಡಿ ತಂತ್ರಾಂಶದ ಜೊತೆಗೇ ಗ್ರಾಹಕರ ಯಂತ್ರಕ್ಕೆ ಇಳಿದುಬಿಡುತ್ತಿದ್ದರಿಂದ ಯಾರು ಯಾವ ಪುಟ ತೆರೆದರು ಎಂಬುದೂ ಕಂಪನಿಗೆ ತಿಳಿಯುತ್ತಿರಲಿಲ್ಲ. ಪ್ರತಿ ಪುಟದ ಕೆಳಗೂ ತಪ್ಪು ಕಂಡರೆ ತಿಳಿಸಿ ಎಂದು ಒಂದು ಮೇಲ್ ವಿಳಾಸ ಇತ್ತು, ಅಷ್ಟೇ. ಬೇರೆ ಅಧ್ಯಾಯಗಳಿಗೆ ದಿನವೂ ಏನಾದರೊಂದು ತಕರಾರು ಬರುತ್ತಿತ್ತು. ಅವಳ ಅಧ್ಯಾಯಕ್ಕೆ ಬೈಗುಳವೂ ಇಲ್ಲ.

"ಓದೋರೇ ಇಲ್ದೇ ಇರೋ ಪುಸ್ತಕ ಬರೆಯೋಕೆ ಸಂಬಳ ಕೊಡ್ತಾರಲ್ಲ, ಪುಣ್ಯವಂತೆ ಕಣೇ ಅಕ್ಕ ನೀನು," ಎಂದು ತಂಗಿ ಫೋನಿನಲ್ಲಿ ನಗುತ್ತಿದ್ದಳು. ತಂಗಿಯ ಫೋನಿನಲ್ಲಿ ಯಾವಾಗಲೂ ಗದ್ದಲ. ಕುಕ್ಕರು, ಟಿವಿ, ಮಕ್ಕಳ ಜಗಳ, ಗಂಡನ ಕೆಮ್ಮು. ಮಾತು ಮುಗಿಸಿ ಫೋನು ಕೆಳಗಿಟ್ಟರೆ ಅಕ್ಕನ ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ ಉಳಿಯುತ್ತಿತ್ತು. ಮೂರನೇ ಮಹಡಿಯ ಮನೆ, ಕಿಟಕಿಯಾಚೆ ಎದುರು ಕಟ್ಟಡದ ಮೆಟ್ಟಿಲು. ಯಾರಾದರೂ ಹತ್ತಿದರೆ ದೀಪ ತಾನಾಗಿ ಹೊತ್ತಿಕೊಂಡು, ಅವರು ಹೋದ ಮೇಲೆ ತಾನಾಗಿ ಆರುತ್ತಿತ್ತು. ಊಟದ ಮೇಜಿಗೆ ಎರಡು ಕುರ್ಚಿ. ಒಂದರ ಮೇಲೆ ಒಗೆದ ಬಟ್ಟೆ ಇರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಅಧ್ಯಾಯಕ್ಕೆ ಮೇಲ್ ಬಂತು.

'ನಮಸ್ಕಾರ. ಸಾಲುಗಳ ಅಂದಾಜು ಸಂಖ್ಯೆಯ ಕಾಲಮ್ಮಿನಲ್ಲಿ ಸೊನ್ನೆ ಇದ್ದರೆ ಆ ಟೇಬಲ್ ಖಾಲಿ ಎಂದು ಬರೆದಿದ್ದೀರಿ. ಅದು ಪೂರ್ತಿ ಸರಿಯಲ್ಲ. ಯಾರೂ ಇನ್ನೂ ಎಣಿಸಿಯೇ ಇಲ್ಲದಿದ್ದರೂ ಅಲ್ಲಿ ಸೊನ್ನೆಯೇ ಇರುತ್ತದೆ. ಖಾಲಿ ಇರುವುದೂ ಯಾರೂ ಎಣಿಸದೆ ಇರುವುದೂ ಒಂದೇ ಅಲ್ಲ. ನಾನು ನೀರು ಸರಬರಾಜು ಕಚೇರಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಇಲ್ಲಿ ಈ ಕೆಲಸಕ್ಕೆ ನಾನೊಬ್ಬನೇ. ನಿಮ್ಮ ಅಧ್ಯಾಯ ಇರದಿದ್ದರೆ ನನ್ನನ್ನು ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗೆ ಆಗುತ್ತಿತ್ತು.'

ಅವಳು ಅದನ್ನು ಓದಿದಳು, ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದಳು. ಆಮೇಲೆ ಪರೀಕ್ಷೆ ಮಾಡಿದಳು. ಅವನು ಹೇಳಿದ್ದೇ ಸರಿ. ಇಂಜಿನಿಯರುಗಳಿಗೂ ಅದು ತಲೆಗೆ ಹೊಳೆದಿರಲಿಲ್ಲ. ತಪ್ಪು ಸಿಕ್ಕಿಬಿದ್ದದ್ದಕ್ಕೆ ಹೀಗೆ ಸಂತೋಷಪಟ್ಟವರು ಆ ಕಟ್ಟಡದಲ್ಲಿ ಬೇರೆ ಯಾರೂ ಇದ್ದಿರಲಾರರು.

ಉತ್ತರ ಬರೆಯೋಣವೆಂದರೆ ಅದಕ್ಕೂ ಕಂಪನಿಯದೊಂದು ಅಚ್ಚು ಇತ್ತು. 'ನಿಮ್ಮ ಸೂಚನೆಗೆ ಧನ್ಯವಾದ. ಸರಿಪಡಿಸಲಾಗಿದೆ. ದಾಖಲೆ ವಿಭಾಗ.' ಹೆಸರು ಹಾಕುವಂತಿಲ್ಲ, ಒಂದು ಅಲ್ಪವಿರಾಮ ಸೇರಿಸುವಂತಿಲ್ಲ. ಹಿಂದೆ ಯಾರೋ ಗ್ರಾಹಕರಿಗೆ ಏನೋ ಮಾತು ಕೊಟ್ಟು ಎಡವಟ್ಟಾಗಿತ್ತಂತೆ. ಅವಳು ಅಚ್ಚನ್ನೇ ಕಳಿಸಿದಳು. ಆದರೆ ಉದಾಹರಣೆಗಳು ಅವಳ ಕೈಯಲ್ಲೇ ಇದ್ದವು. ಅಲ್ಲಿಯ ತನಕ ಅವಳ ಪುಟಗಳಲ್ಲಿ ಉದಾಹರಣೆಗೆಂದು ಬರುತ್ತಿದ್ದದ್ದು ನೌಕರರ ಟೇಬಲ್ಲು, ಇಲಾಖೆಗಳ ಟೇಬಲ್ಲು. ಅವನ್ನೆಲ್ಲ ತೆಗೆದು ಪಂಪು, ತೊಟ್ಟಿ, ಕೊಳವೆ, ಮೀಟರು ಎಂದು ಟೇಬಲ್ಲುಗಳನ್ನು ಮಾಡಿದಳು. ಇಂಜಿನಿಯರುಗಳು ಎಂದಿನಂತೆ ಕಣ್ಣುಮುಚ್ಚಿ ಒಪ್ಪಿದರು. ಆ ಆವೃತ್ತಿ ಹೊರಟ ಮೇಲೆ ಅವಳು ನೀರಿನವನ ಉತ್ತರಕ್ಕೆ ಕಾದಳು. ಬರಲಿಲ್ಲ. ಮುಂದಿನ ಆವೃತ್ತಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದಳು, ಒಂದು ಚುಕ್ಕೆ ಆಚೀಚೆ ಆಗದ ಹಾಗೆ. ಆಗಲೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೆ ಕಾರಣ ಅಂಗೈ ಹುಣ್ಣಿನಷ್ಟು ಸ್ಪಷ್ಟವಾಗಿತ್ತು. ಅದು ತಪ್ಪು ತಿಳಿಸುವ ವಿಳಾಸ. ತಪ್ಪೇ ಇಲ್ಲದಿದ್ದರೆ ಅವನು ಬರೆಯುವುದು ಏನನ್ನು? ಈ ಯೋಚನೆ ಬಂದದ್ದು ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ. ಛೆ ಎಂದುಕೊಂಡಳು. ಇಳಿಯುವ ಹೊತ್ತಿಗೆ ಯಾವ ಕಾಲಮ್ಮು ಎಂಬುದೂ ಗೊತ್ತಾಗಿತ್ತು.

ನಾಲ್ಕು ಬೈಟ್ ಜಾಗ ಹಿಡಿಯುವ ಒಂದು ಅಂಕಿ. ಪುಟದಲ್ಲಿ ಎರಡು ಬೈಟ್ ಎಂದು ಮಾಡಿದಳು. ಯಾರಿಗೂ ತೊಂದರೆ ಇಲ್ಲ, ಡೇಟಾಬೇಸನ್ನೇ ಕೇಳಿದರೆ ನಿಜ ಏನೆಂದು ಅದೇ ಹೇಳುತ್ತದೆ. ಬಹಳ ಹಳೆಯ, ಎಲ್ಲರಿಗೂ ಗೊತ್ತಿರುವ ಕಾಲಮ್ಮು. ಹಳೆಯದರಲ್ಲಿ ಮಾತ್ರ, ಒಂದು ಆವೃತ್ತಿಗೆ ಒಂದೇ ಒಂದು, ಯಾರ ಕೆಲಸವೂ ಕೆಡದಂಥದ್ದು ಎಂದು ತನಗೆ ತಾನೇ ಕಟ್ಟುಪಾಡು ಹಾಕಿಕೊಂಡಳು. ಕಟ್ಟುಪಾಡು ಹಾಕಿಕೊಂಡು ಮಾಡುವ ತಪ್ಪು ಅರ್ಧ ಸರಿ ಎಂದು ನಾವೆಲ್ಲ ನಂಬುವ ಹಾಗೆ ಅವಳೂ ನಂಬಿದಳು. ಮೊಸರಲ್ಲಿ ಕಲ್ಲು ಹುಡುಕುವವರನ್ನು ಲೋಕ ಬೈಯುತ್ತದೆ. ಹುಡುಕುವವನೊಬ್ಬ ಇರಲಿ ಎಂದು ತಾನೇ ಕಲ್ಲು ಹಾಕಿಟ್ಟವಳು ಇವಳೊಬ್ಬಳೇ.

ಇಬ್ಬರು ಇಂಜಿನಿಯರುಗಳ ಒಪ್ಪಿಗೆ ಬಂತು. ಒಬ್ಬ 'ಅದ್ಭುತ' ಎಂದೂ ಸೇರಿಸಿದ್ದ.

ನೀರಿನವನ ಮೇಲ್ ಆವೃತ್ತಿ ಹೊರಟ ವಾರದಲ್ಲೇ ಬಂತು. 'ಇದು ನಾಲ್ಕು ಬೈಟ್ ಇರಬೇಕು. ಹೊಸ ಆವೃತ್ತಿಯ ಗಡಿಬಿಡಿಯಲ್ಲಿ ಇಂಥವು ಆಗುತ್ತವೆ, ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಹಳೆಯ ಪಂಪ್‌ಹೌಸಿನ ಬಾಗಿಲಿನ ಚಿಲಕ ಹೋಗಿದೆ, ಗಾಳಿಗೆ ಬಡಿದುಕೊಳ್ಳುತ್ತಲೇ ಇರುತ್ತದೆ. ಅದರ ಸದ್ದಿನಲ್ಲೇ ಕೆಲಸ.'

ಬೇಸರ ಮಾಡಿಕೊಳ್ಳಬೇಡಿ ಎಂದು ಅವಳಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಅವತ್ತು ಸಂಜೆ ಅವಳು ಕುರ್ಚಿಯ ಮೇಲಿನ ಬಟ್ಟೆಯನ್ನೆಲ್ಲ ಮಡಚಿ ಕಪಾಟಿಗಿಟ್ಟಳು. ತಂಗಿಗೆ ತಾನೇ ಫೋನು ಮಾಡಿದಳು.

"ನನ್ನ ಅಧ್ಯಾಯ ಒಬ್ಬರು ಓದ್ತಾರೆ ಕಣೇ."

"ಹೌದಾ? ಯಾರಕ್ಕ ಆ ಮಹಾನುಭಾವ?"

"ನೀರಿನವರು."

"ನಲ್ಲಿ ರಿಪೇರಿಯವರಾ?"

"ಅಲ್ಲ ಕಣೇ. ನೀರು ಸರಬರಾಜು ಕಚೇರಿಯವರು. ಅಲ್ಲೂ ಡೇಟಾಬೇಸ್ ಇರುತ್ತಲ್ಲ."

"ಏನೋಪ್ಪ. ನಮ್ಮನೇಲಿ ಎರಡು ದಿನದಿಂದ ನೀರಿಲ್ಲ, ಸ್ವಲ್ಪ ಹೇಳು ಅವರಿಗೆ," ಎಂದಳು ತಂಗಿ. ಅಕ್ಕ ಬಹಳ ಹೊತ್ತು ನಕ್ಕಳು. ನಗುವಷ್ಟು ದೊಡ್ಡ ಜೋಕು ಅದೇನಲ್ಲ ಎಂದು ತಂಗಿಗೇ ಅನ್ನಿಸಿ, "ಚೆನ್ನಾಗಿದ್ದೀಯ ತಾನೇ ಅಕ್ಕ?" ಎಂದು ಕೇಳಿದಳು.

ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೇ? ಮುಂದಿನ ಆವೃತ್ತಿಯಲ್ಲಿ ಒಂದು ಕಾಲಮ್ಮು ಬೇರೆ ಯಾವುದೋ ಟೇಬಲ್ಲಿಗೆ ಸಂಬಂಧಿಸಿದ್ದು ಎಂದು ಬರೆದಳು. ಅದೂ ಹಳೆಯದೇ. ಅವನು ತಿದ್ದಿ ಕಳಿಸಿದ, ಎರಡೇ ಸಾಲು. ಅದರ ಮುಂದಿನದರಲ್ಲಿ ಇನ್ನೊಂದು. ಈ ಸಲ ಬಂದದ್ದು ಒಂದೇ ಸಾಲು, ಪಂಪ್‌ಹೌಸಿನ ಸುದ್ದಿ ಇಲ್ಲ, ನಮಸ್ಕಾರವೂ ಇಲ್ಲ. ತಪ್ಪು ತೀರ ಸಣ್ಣದಾಯಿತೇನೋ, ಬರೆಯಲು ಅವನಿಗೆ ಏನೂ ಉಳಿಯಲಿಲ್ಲವೇನೋ ಎಂದುಕೊಂಡಳು. ಮನುಷ್ಯ ದೂರವಾಗುತ್ತಿದ್ದಾನೆ ಎಂದು ತಿಳಿದಾಗ ಕೈಗೆ ಸಿಕ್ಕಿದ ದಾರದಲ್ಲೇ ಎಳೆಯುವುದು ಎಲ್ಲರೂ ಮಾಡುವ ಕೆಲಸ, ದಾರ ಎಷ್ಟು ತಾಳುತ್ತದೆ ಎಂದು ಯಾರೂ ನೋಡುವುದಿಲ್ಲ.

ಆ ವರ್ಷ ಡೇಟಾಬೇಸಿಗೆ ಹೊಸ ಬಗೆಯ ಟೇಬಲ್ ಬಂದಿತ್ತು. ತೀರ ದೊಡ್ಡ ಟೇಬಲ್ಲನ್ನು ತುಂಡು ತುಂಡಾಗಿ ಒಡೆದಿಡುವ ವ್ಯವಸ್ಥೆ. ಟೇಬಲ್ಲು ಯಾವ ಬಗೆಯದು ಎಂದು ತಿಳಿಸಲು ಕ್ಯಾಟಲಾಗಿನಲ್ಲಿ ಒಂದು ಕಾಲಮ್ಮಿದೆ, ಅದರಲ್ಲಿ ಒಂದೇ ಒಂದು ಅಕ್ಷರ ಕೂತಿರುತ್ತದೆ. ಮಾಮೂಲಿ ಟೇಬಲ್ಲಿಗೆ ಒಂದಕ್ಷರ, ಒಡೆದಿಟ್ಟದ್ದಕ್ಕೆ ಇನ್ನೊಂದು. ಆ ಹೊಸ ಅಕ್ಷರವನ್ನು ಅವಳು ಬೇಕೆಂದೇ ಬೇರೆ ಬರೆದಳು. ಹಳೆಯದರಲ್ಲಿ ಮಾತ್ರ ಎಂಬ ತನ್ನ ಕಟ್ಟುಪಾಡನ್ನು ತಾನೇ ಮುರಿದಳು. ಇದನ್ನು ಕಂಡರೆ ಅವನು ಸುಮ್ಮನಿರಲಾರ, ಉದ್ದಕ್ಕೆ ಬರೆದೇ ಬರೆಯುತ್ತಾನೆ ಎಂಬುದೊಂದೇ ಅವಳ ಲೆಕ್ಕ. ಕಳಿಸುವ ಮುಂಚೆ ಒಂದು ಗಳಿಗೆ ಬೆರಳು ತಡೆಯಿತು. ತಡೆದ ಬೆರಳನ್ನು ಕೇಳುವವರು ಯಾರು?

ಒಪ್ಪಿಗೆ ಬಂತು, ಆವೃತ್ತಿ ಹೊರಟಿತು. ನೀರಿನವನು ಬರೆಯಲಿಲ್ಲ.

ಒಂದು ತಿಂಗಳು ಕಾದಳು, ಮತ್ತೂ ಕಾದಳು. ಮೇಲ್ ಪೆಟ್ಟಿಗೆಯನ್ನು ಊಟಕ್ಕೆ ಮುಂಚೆ ನೋಡುವಳು, ಊಟವಾದ ಮೇಲೆ ನೋಡುವಳು. ಮುಂದಿನ ಆವೃತ್ತಿಗೆ ಇನ್ನೂ ಮೂರು ತಪ್ಪು ಸೇರಿಸಿದಳು, ಒಂದಂತೂ ಕಣ್ಣಿದ್ದವರಿಗೆಲ್ಲ ಕಾಣುವಂಥದ್ದು. ಏನೂ ಬರಲಿಲ್ಲ. ಕಾಯಿಲೆಯೇ? ಕೆಲಸ ಬಿಟ್ಟನೇ? ಇಲ್ಲವೇ ಅದಕ್ಕಿಂತ ಕೆಟ್ಟದ್ದೇ? ಅವನ ಮುಖ ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ. ಅವನಿಗೆ ಏನಾದರೂ ಆದರೆ ಅವಳಿಗೆ ತಿಳಿಸಬೇಕು ಎಂದು ಯಾರಿಗೆ ತಾನೇ ಹೊಳೆದೀತು? ಅವಳಿಗೆ ಅಳು ಬಂದದ್ದು ಆಫೀಸಿನಲ್ಲೇ, ಪ್ರಿಂಟರು ಕಾಗದ ಉಗುಳುತ್ತಿದ್ದಾಗ. ಕಾಗದಕ್ಕೆ ಬಂದವನು ಅದನ್ನು ಎತ್ತಿಕೊಂಡು ಹೋದ.

ಕೊನೆಗೆ ಎದ್ದು ಗ್ರಾಹಕ ಸೇವೆಯ ಮೇಜಿಗೆ ಹೋದಳು. ಅಲ್ಲಿ ಕೂರುವವನು ಕಿವಿಯ ಮೇಲಿನ ಹೆಡ್‌ಫೋನು ಒಂದು ಕಡೆ ಸರಿಸಿದ.

"ನೀರು ಸರಬರಾಜು ಕಚೇರಿಯ ನಂಬರ್ ಬೇಕಿತ್ತು. ಡೇಟಾಬೇಸ್ ನೋಡ್ಕೊಳ್ಳೋರದ್ದು. ನನ್ನ ಪುಟಗಳ ಬಗ್ಗೆ ಅವರನ್ನ ಸ್ವಲ್ಪ ಕೇಳಬೇಕು."

"ನಿಮ್ಮ ಅಧ್ಯಾಯಕ್ಕೂ ಗ್ರಾಹಕರಿದ್ದಾರಾ ಮೇಡಂ?" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ನಂಬರು ಕೊಟ್ಟ.

ಯಾರೂ ಇಲ್ಲದ ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಆ ಕಡೆಯ ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ವಯಸ್ಸಾದದ್ದು, ಮೆತ್ತ‌ನೆಯದು. ಹಿಂದೆಲ್ಲೋ ಮೋಟಾರಿನ ಗುಂಯ್ ಎನ್ನುವ ಸದ್ದು.

"ದಾಖಲೆ ವಿಭಾಗದಿಂದ ಮಾತಾಡ್ತಿದ್ದೀನಿ. ಕ್ಯಾಟಲಾಗ್ ಅಧ್ಯಾಯದ್ದು. ನೀವು ತಪ್ಪು ತಿದ್ದಿ ಕಳಿಸ್ತಿದ್ರಲ್ಲ."

"ಓ, ಹೌದು ಹೌದು. ಹೇಳಿ ಮೇಡಂ. ಅಲ್ಲಿಂದ ಫೋನ್ ಬರುತ್ತೆ ಅಂತ ನಾನು ಅನ್ಕೊಂಡೇ ಇರ್ಲಿಲ್ಲ."

"ಇತ್ತೀಚೆಗೆ ನಿಮ್ಮಿಂದ ಏನೂ ಬರ್ಲಿಲ್ಲ. ಅದಕ್ಕೇ... ಆರೋಗ್ಯವಾಗಿದ್ದೀರಲ್ಲ?"

ಅವನು ನಕ್ಕ. "ನನಗೇನು ಮೇಡಂ, ಗುಂಡುಕಲ್ಲಿನ ಹಾಗಿದ್ದೀನಿ." ಅಷ್ಟಕ್ಕೇ ಫೋನು ಇಟ್ಟುಬಿಟ್ಟಿದ್ದರೆ ಚೆನ್ನಾಗಿತ್ತು.

"ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ ಒಂದು ಮಾತು ಕೇಳ್ತೀನಿ," ಎಂದ. "ನೀವು ಹೊಸಬರಲ್ವಾ?"

"ಅಂದ್ರೆ?"

"ಮೊದಲು ಒಬ್ಬರು ಬರೀತಿದ್ರಲ್ಲ ಈ ಅಧ್ಯಾಯ. ಅವರು ಬಿಟ್ಟುಹೋದ್ರು ಅಂತ ಕಾಣುತ್ತೆ."

"ಯಾಕೆ ಹಾಗನ್ನಿಸ್ತು ನಿಮಗೆ?"

"ಬರೆದಿದ್ದು ನೋಡಿದ್ರೆ ಗೊತ್ತಾಗುತ್ತಲ್ಲ. ಅವರದ್ದು ಒಂದೊಂದು ಮಾತೂ ತೂಗಿ ಇಟ್ಟ ಹಾಗಿರ್ತಿತ್ತು. ಅವರು ತಪ್ಪಿದ್ದು ಒಂದೇ ಸಲ, ಆ ಸೊನ್ನೆ ವಿಷಯದಲ್ಲಿ. ಅದು ಯಾರಾದ್ರೂ ತಪ್ಪುವಂಥದ್ದೇ. ನಾನು ನೀರಿನ ಕಚೇರಿಯವನು ಅಂತ ಬರೆದಿದ್ದೆ ನೋಡಿ, ಮುಂದಿನ ಸಲ ಉದಾಹರಣೆಯಲ್ಲೆಲ್ಲ ಪಂಪು, ತೊಟ್ಟಿ ಬಂದಿತ್ತು. ಎಷ್ಟು ಖುಷಿಯಾಯ್ತು ಅಂತೀರಿ. ಮನೇಲಿ ಹೆಂಡ್ತಿಗೂ ತೋರಿಸಿದ್ದೆ. ಅವಳು, ಅಯ್ಯೋ ಸಾಕು ಬನ್ನಿ ಊಟಕ್ಕೆ ಅಂದ್ಲು." ಅವನು ಮತ್ತೆ ನಕ್ಕ. "ಆಮೇಲೆ ಇದ್ದಕ್ಕಿದ್ದ ಹಾಗೆ ಎರಡು ಬೈಟು ಅಂತ ಬಂತು. ಅದಾದ ಮೇಲೆ ಇನ್ನೊಂದು. ಇವು ಅವರ ಕೈಯಲ್ಲಿ ಆಗೋ ತಪ್ಪಲ್ಲ. ಸರಿ, ಅವರು ಹೋದ್ರು, ಯಾರೋ ಹೊಸಬರು ಬಂದಿದ್ದಾರೆ, ಪಾಪ, ತಿದ್ದಿ ಹೇಳಿದ್ರೆ ಕಲೀತಾರೆ ಅಂತ ಸ್ವಲ್ಪ ಕಾಲ ಬರೆದೆ."

ಬೇಸರ ಮಾಡಿಕೊಳ್ಳಬೇಡಿ ಎಂಬ ಮಾತು ಯಾರಿಗೆ ಬರೆದದ್ದು ಎಂದು ಅವಳಿಗೆ ಈಗ ತಿಳಿಯಿತು. ಮೀಟಿಂಗ್ ರೂಮಿನ ಗಾಜಿನ ಮೇಲೆ ಯಾರೋ ಬಿಡಿಸಿದ್ದ ಬಾಣದ ಗುರುತುಗಳನ್ನು ನೋಡುತ್ತ ನಿಂತಳು. "ಆಮೇಲೆ?" ಎಂದಳು.

"ಆಮೇಲೆ ಆ ಒಂದಕ್ಷರದ ಗಲಾಟೆ ಆಯ್ತು. ದಿನಾ ಬೆಳಿಗ್ಗೆ ಕ್ಯಾಟಲಾಗ್ ನೋಡಿ ಯಾವ ಟೇಬಲ್ ಇದೆ, ಯಾವುದು ಇಲ್ಲ ಅಂತ ಒಂದು ವರದಿ ಬರೋ ಹಾಗೆ ನಾನು ಮಾಡಿಟ್ಟಿದ್ದೀನಿ. ಮೀಟರು ಟೇಬಲ್ಲನ್ನ ಆಗಷ್ಟೇ ತುಂಡು ತುಂಡಾಗಿ ಒಡೆದಿಟ್ಟಿದ್ದೆ, ಆ ಹೊಸ ಥರ ನನಗೂ ಗೊತ್ತಿಲ್ಲ. ಪುಟದಲ್ಲಿದ್ದ ಅಕ್ಷರಾನೇ ನಂಬಿ ಹಾಕ್ದೆ. ಬೆಳಿಗ್ಗೆ ಬಂದು ನೋಡಿದ್ರೆ ಇಡೀ ಊರಿನ ಮೀಟರು ಟೇಬಲ್ಲೇ ಮಾಯ ಅಂತ ವರದಿ. ಮೇಲಿನವರಿಂದ ಹಿಡಿದು ಕೆಳಗಿನವರ ತನಕ ಎಲ್ಲರೂ ಓಡಿಬಂದ್ರು. ಟೇಬಲ್ಲಿಗೇನೂ ಆಗಿರ್ಲಿಲ್ಲ, ಅಲ್ಲೇ ಇತ್ತು. ಆದ್ರೆ ನನ್ನ ಮರ್ಯಾದೆ ಹೋಯ್ತು ಮೇಡಂ. ಇಷ್ಟು ವರ್ಷ ಇಲ್ಲಿ ಏನೇ ಜಗಳ ಬಂದ್ರೂ ಕೈಪಿಡಿಯಲ್ಲಿದೆ ಅಂದ್ರೆ ಮುಗೀತು ಅಂತ ವಾದ ಮಾಡ್ತಿದ್ದವನು ನಾನು. ಈಗ ಕ್ಯಾಂಟೀನಲ್ಲಿ ಕಂಡ್ರೆ ಸಾಕು, ಏನಪ್ಪಾ, ಕೈಪಿಡಿ ಏನನ್ನುತ್ತೆ ಅಂತಾರೆ."

"ತಪ್ಪಾಯ್ತು," ಎಂದಳು ಅವಳು.

"ಅಯ್ಯೋ ಬಿಡಿ, ನಿಮಗೆ ಬೈಯೋಕೆ ಹೇಳಿದ್ದಲ್ಲ. ನಾನು ಸುಮ್ಮನೆ ನಂಬಿದ್ದು ನನ್ನ ತಪ್ಪು. ಈಗ ಪುಟ ನೋಡೋದು ಬಿಟ್ಟಿದ್ದೀನಿ. ತಂತ್ರಾಂಶದ ಮೂಲ ಕೋಡು ಹೇಗೂ ನಿಮ್ಮವರು ಕೊಟ್ಟಿರ್ತಾರಲ್ಲ, ಅದನ್ನೇ ಓದ್ತೀನಿ. ನಿಧಾನ ಆಗುತ್ತೆ. ಆದ್ರೆ ಅದು ಸುಳ್ಳು ಹೇಳಲ್ಲ."

ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿಲ್ಲ. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಒಂದು ವಿಷಯ ಕೇಳದೆ ಬಿಡಲು ಆಗಲಿಲ್ಲ.

"ಅವರು... ಆ ಮೊದಲಿನವರು ಸರಿಯಾಗಿ ಬರೀತಿದ್ದಾಗ ನೀವು ಏನೂ ಬರೀತಿರ್ಲಿಲ್ಲ. ಆ ಪಂಪು ತೊಟ್ಟಿ ಬಂದಾಗ್ಲೂ ಬರೀಲಿಲ್ಲ. ಯಾಕೆ?"

"ಏನಂತ ಬರೀಲಿ ಮೇಡಂ? ಅದು ತಪ್ಪು ತಿಳಿಸೋ ವಿಳಾಸ ಅಲ್ವಾ. ಚೆನ್ನಾಗಿದೆ ಅಂತ ಬರೆದು ಕೆಲಸ ಮಾಡೋರ ತಲೆ ತಿನ್ನೋದು ಬೇಡ ಅಂತ ಸುಮ್ಮನಿದ್ದೆ. ಆದ್ರೆ ಓದ್ತಿದ್ದೆ. ಊಟದ ಹೊತ್ತಲ್ಲಿ ದಿನಾ ಒಂದು ಪುಟ. ಕೆಲಸಕ್ಕೆ ಬೇಕು ಅಂತಲ್ಲ. ನಾನಿಲ್ಲಿ ನೋಡೋದನ್ನೇ ಇನ್ಯಾರೋ ಒಬ್ಬರು ಎಲ್ಲೋ ಕೂತು, ಇಷ್ಟೇ ಆಸೆಯಿಂದ ನೋಡ್ತಿದ್ದಾರಲ್ಲ ಅನ್ನಿಸೋದು. ಒಂಥರಾ ಜೊತೆ ಇದ್ದ ಹಾಗೆ."

ಮೋಟಾರಿನ ಸದ್ದು ನಿಂತಿತು. ಅವನು ಎಲ್ಲಿಗೋ ಸರಿದು ನಿಂತಿರಬೇಕು.

"ಅವರು ಚೆನ್ನಾಗಿದ್ದಾರಾ?" ಎಂದು ಕೇಳಿದ.

ನಾನೇ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದರೆ ಮುಗಿಯುತ್ತಿರಲಿಲ್ಲ. ಬೇಕೆಂದೇ ತಪ್ಪು ಬರೆದೆ, ನೀವು ಬರೆಯಲಿ ಎಂದು ಬರೆದೆ ಎಂಬುದನ್ನೂ ಹೇಳಬೇಕಿತ್ತು. ಕೇಳಿ ಅವನು ಬೈಯುವುದಿಲ್ಲ, ಅಂಥವನಲ್ಲ. ಆದರೆ ಅವನ ಪಾಲಿಗೆ ತೂಗಿ ತೂಗಿ ಬರೆಯುತ್ತಿದ್ದ ಒಬ್ಬರು ಎಲ್ಲೋ ಇದ್ದರು. ಊಟದ ಹೊತ್ತಿಗೆ ಜೊತೆಯಾಗಿದ್ದರು. ಪುಟ ಓದುವುದು ಬಿಟ್ಟ ಮೇಲೂ ಅವರನ್ನು ಅವನು ಬಿಟ್ಟಿರಲಿಲ್ಲ. ನಾನೇ ಎಂದರೆ ಅವರೂ ಹೋಗುತ್ತಿದ್ದರು.

"ಚೆನ್ನಾಗಿದ್ದಾರೆ," ಎಂದಳು. "ನಾನು ಅವರ ಜಾಗಕ್ಕೆ ಬಂದವಳು."

"ನಾನು ಅನ್ಕೊಂಡೆ. ಯಾವಾಗಾದ್ರೂ ಸಿಕ್ಕಿದ್ರೆ ಹೇಳಿ ಮೇಡಂ, ನೀರಿನ ಕಚೇರಿಯವನು ಕೇಳಿದ ಅಂತ. ಅವರಿಗೆ ನಾನು ಯಾರು ಅಂತ ನೆನಪಿರುತ್ತೋ ಇಲ್ವೋ."

"ನೆನಪಿರುತ್ತೆ."

"ನೀವೂ ಕಲೀತೀರಿ, ಹೆದರಬೇಡಿ. ಒಂದು ಕೆಲಸ ಮಾಡಿ. ಅವರ ಹಳೇ ಪುಟಗಳನ್ನ ತೆಗೆದು ಒಂದ್ಸಲ ನಿಧಾನವಾಗಿ ಓದಿ. ಅದಕ್ಕಿಂತ ಒಳ್ಳೆ ಪಾಠ ಇಲ್ಲ."

"ಓದ್ತೀನಿ ಸರ್," ಎಂದಳು ಕೈಪಿಡಿಯಮ್ಮ.

ಅವತ್ತೇ ಮಧ್ಯಾಹ್ನ ಕೂತು ತಾನು ಹಾಕಿದ್ದ ಕಲ್ಲುಗಳಲ್ಲಿ ಇನ್ನೂ ಉಳಿದಿದ್ದವನ್ನೆಲ್ಲ ಒಂದೊಂದಾಗಿ ಹೆಕ್ಕಿ ತೆಗೆದಳು. ತಿದ್ದುಪಡಿ ತುರ್ತಾಗಿ ಹೋಗಬೇಕೆಂದು ಮೇಲಿನವರಿಗೆ ಬರೆದಳು. ಕ್ಯಾಟಲಾಗಿನ ಪುಟಕ್ಕೆ ತುರ್ತು ಏನು ಬಂತು ಎಂದು ಅವರು ಕೇಳಿದಾಗ, ನಾಲ್ಕು ತಪ್ಪಿದ್ದವು, ನಾಲ್ಕೂ ನನ್ನವೇ ಎಂದು ಉತ್ತರಿಸಿದಳು. ಆಗಲಿ ಎಂದರು. ಯಾಕೆ, ಹೇಗೆ ಎಂದು ಯಾರೂ ಕೇಳಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮರುದಿನ ಊಟದ ಹೊತ್ತಿಗೆ, ಕೊಟ್ಟ ಮಾತಿನಂತೆ ಹಳೆಯ ಆವೃತ್ತಿಯ ಅಧ್ಯಾಯವನ್ನು ತೆರೆದಳು. ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು, ಊಟ ಮಾಡುತ್ತ, ತಿದ್ದುವ ಕಣ್ಣಿನಿಂದಲ್ಲದೆ ಸುಮ್ಮನೆ ಓದುವವರ ಹಾಗೆ ಮೊದಲ ಪುಟದಿಂದ ಓದತೊಡಗಿದಳು. ಪಂಪಿನ ಟೇಬಲ್ಲು ಬಂತು, ತೊಟ್ಟಿಯದು ಬಂತು. ಬರೆದವರು ಯಾರೋ, ಬಹಳ ಚೆನ್ನಾಗಿ ಬರೆದಿದ್ದರು. ಇಂಥವರೊಬ್ಬರು ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು.